ಡಿಸ್ಚಾರ್ಜ್ ದಿನದ ಬಿಲ್ ಮತ್ತು ಆರೋಗ್ಯ ಸುಧಾರಣೆಯ ಗೊಂದಲ

2025ರ ಆಗಸ್ಟ್ ಕೊನೆಯಲ್ಲಿ ಖಾಸಗಿ ಆಸ್ಪತ್ರೆಗಳ ರಾಷ್ಟ್ರಮಟ್ಟದ ಸಂಘವೊಂದು, ಒಂದು ದೊಡ್ಡ ವಿಮಾ ಕಂಪನಿಯ ಪಾಲಿಸಿದಾರರಿಗೆ ಕ್ಯಾಶ್‌ಲೆಸ್ ಸೌಲಭ್ಯ (ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ವ್ಯವಸ್ಥೆ) ನಿಲ್ಲಿಸುವಂತೆ ಉತ್ತರ ಭಾರತದ ತನ್ನ ಸದಸ್ಯ ಆಸ್ಪತ್ರೆಗಳಿಗೆ ಸೂಚಿಸಿತು. ಮಾತುಕತೆಯ ನಂತರ ಕೆಲವೇ ದಿನಗಳಲ್ಲಿ ಆ ಸೂಚನೆಯನ್ನು ಹಿಂದಕ್ಕೆ ಪಡೆಯಿತು. ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ 18ರ ಜಿಎಸ್‌ಟಿ ರದ್ದಾಯಿತು. ಅಕ್ಟೋಬರ್ 13ರಿಂದ ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನ ಸುಮಾರು 2,000 ಚಿಕಿತ್ಸೆಗಳ ದರಗಳು ಪರಿಷ್ಕರಣೆಗೊಂಡವು; 2014ರ ನಂತರ ಇಷ್ಟು ವ್ಯಾಪಕವಾದ ಪರಿಷ್ಕರಣೆ ಆಗಿರಲಿಲ್ಲ.

ಈ ಮೂರೂ ಸುದ್ದಿಗಳನ್ನು ಓದಿದ ಮಂಗಳೂರಿನ ಅಥವಾ ಉಡುಪಿಯ ಕುಟುಂಬವೊಂದಕ್ಕೆ, ತಮ್ಮ ಮನೆಯವರು ಆಸ್ಪತ್ರೆಗೆ ದಾಖಲಾದರೆ ಖರ್ಚು ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ ಎಂಬುದು ಮಾತ್ರ ತಿಳಿಯುವುದಿಲ್ಲ. ತೆರಿಗೆ ಹೋಯಿತು ಎಂದ ಮೇಲೂ ಕಂತು ಅಷ್ಟೇ ಪ್ರಮಾಣದಲ್ಲಿ ಇಳಿಯಬೇಕೆಂದಿಲ್ಲ. ತೆರಿಗೆ ರದ್ದಾದಾಗ, ತಾವು ಬೇರೆ ಸೇವೆಗಳಿಗೆ ಕಟ್ಟಿದ ಜಿಎಸ್‌ಟಿಯನ್ನು ಹೊಂದಾಣಿಕೆ ಮಾಡಿಕೊಳ್ಳುವ ಅವಕಾಶವನ್ನೂ ವಿಮಾ ಕಂಪನಿಗಳು ಕಳೆದುಕೊಂಡಿವೆ. ವಿನಾಯಿತಿ ಇರುವುದೂ ವೈಯಕ್ತಿಕ ಮತ್ತು ಕುಟುಂಬದ ಪಾಲಿಸಿಗಳಿಗೆ ಮಾತ್ರ, ಗುಂಪು ವಿಮೆಗೆ ಅಲ್ಲ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ಹುಟ್ಟಿದ ಈ ಎರಡು ಜಿಲ್ಲೆಗಳಲ್ಲಿ ನಿವೃತ್ತ ಬ್ಯಾಂಕ್ ನೌಕರರ ಮನೆಗಳು ಬಹಳಷ್ಟಿವೆ, ಮತ್ತು ಅವರಲ್ಲಿ ಅನೇಕರು ನೆಚ್ಚಿಕೊಂಡಿರುವುದು ಗುಂಪು ವಿಮೆಯನ್ನೇ.

ಇಂಥ ಗೊಂದಲದ ನಡುವೆ ಜನರು ಆರೋಗ್ಯ ವ್ಯವಸ್ಥೆ ಹೇಗೆ ಬದಲಾಗಬೇಕು ಎಂಬ ಅಭಿಪ್ರಾಯವನ್ನು ರೂಪಿಸಿಕೊಳ್ಳುವುದು ವರದಿಗಳನ್ನು ಓದಿ ಅಲ್ಲ, ಬಿಲ್ಲಿಂಗ್ ಕೌಂಟರಿನ ಮುಂದೆ ನಿಂತು. ಬಿಪಿಎಲ್ ಕಾರ್ಡಿನವರು, ವಿಮೆ ಇರುವವರು, ಕೈಯಿಂದಲೇ ಹಣ ಕಟ್ಟುವವರು ಒಂದೇ ಆಸ್ಪತ್ರೆಯಲ್ಲಿ ಮೂರು ಬೇರೆ ಜಗಳ ಆಡುತ್ತಾರೆ. ಆದ್ದರಿಂದಲೇ ಅವರು ಬಯಸುವ ಸುಧಾರಣೆಗಳೂ ಮೂರು ಬಗೆ, ಒಂದರ ಪರಿಹಾರ ಇನ್ನೊಂದಕ್ಕೆ ಹೊರೆ.

ಕರಾವಳಿಯ ಆಸ್ಪತ್ರೆಗಳ ಲೆಕ್ಕಾಚಾರ

ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಎಂಟು ಖಾಸಗಿ ವೈದ್ಯಕೀಯ ಕಾಲೇಜುಗಳಿವೆ. ಉಡುಪಿ ಜಿಲ್ಲೆಯ ಮಣಿಪಾಲದಲ್ಲಿ 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಟ್ಟಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿದೆ. ಸರ್ಕಾರಿ ವೈದ್ಯಕೀಯ ಕಾಲೇಜು ಮಾತ್ರ ಈ ಕರಾವಳಿಯ ಭಾಗಕ್ಕೆ ಬಂದೇ ಇರಲಿಲ್ಲ. ಪುತ್ತೂರಿಗೆ ಒಂದನ್ನು 2025ರ ರಾಜ್ಯ ಬಜೆಟ್‌ನಲ್ಲಷ್ಟೇ ಘೋಷಿಸಲಾಯಿತು. 1848ರಿಂದ ನಡೆದುಬಂದಿರುವ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯೂ ದಶಕಗಳಿಂದ ಖಾಸಗಿ ಕಾಲೇಜಿನ ಬೋಧನಾ ಆಸ್ಪತ್ರೆಯಾಗಿದೆ. ಇಲ್ಲಿ ಸರ್ಕಾರಿ ಮತ್ತು ಖಾಸಗಿ ಎಂಬ ಗೆರೆ ಹೊರಗಿನವರು ಊಹಿಸಿದಷ್ಟು ನೇರವಾಗಿಲ್ಲ.

ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಂದು ವಿಶೇಷ ಅಗತ್ಯವಿದೆ. ವಿದ್ಯಾರ್ಥಿಗಳಿಗೆ ಕಲಿಸಲು ರೋಗಿಗಳು ಬೇಕು, ಮಾನ್ಯತೆ ಉಳಿಸಿಕೊಳ್ಳಲು ಹಾಸಿಗೆಗಳಲ್ಲಿ ನಿಗದಿತ ಪಾಲು ತುಂಬಿರಬೇಕು. ಹಾಗಾಗಿ ಜನರಲ್ ವಾರ್ಡಿನಲ್ಲಿ ದರ ಕಡಿಮೆ, ಕೆಲವೆಡೆ ಹಾಸಿಗೆ ಮತ್ತು ಊಟ ಉಚಿತ. ಹಳ್ಳಿಹಳ್ಳಿಯಲ್ಲಿ ನಡೆಯುವ ಉಚಿತ ತಪಾಸಣಾ ಶಿಬಿರಗಳಿಗೂ, ರಿಯಾಯಿತಿಯ ಆರೋಗ್ಯ ಕಾರ್ಡುಗಳಿಗೂ ಹಿಂದಿರುವ ಕಾರಣಗಳಲ್ಲಿ ಇದೂ ಒಂದು. ಅದೇ ಆವರಣದ ಇನ್ನೊಂದು ಬ್ಲಾಕಿನಲ್ಲಿರುವ ಸೆಮಿ ಪ್ರೈವೇಟ್ ಮತ್ತು ಪ್ರೈವೇಟ್ ಕೊಠಡಿಗಳಲ್ಲಿ ಕೊಠಡಿ ಬಾಡಿಗೆ ಮಾತ್ರವಲ್ಲ, ವೈದ್ಯರ ಭೇಟಿಯ ಶುಲ್ಕ, ಶಸ್ತ್ರಚಿಕಿತ್ಸೆಯ ಶುಲ್ಕ ಕೂಡ ಹೆಚ್ಚು. ಶಸ್ತ್ರಚಿಕಿತ್ಸಕರು ಅವರೇ, ಥಿಯೇಟರ್ ಅದೇ, ಬಿಲ್ ಮಾತ್ರ ಬೇರೆ.

ಇದನ್ನು ಮೋಸ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭವಲ್ಲ, ಏಕೆಂದರೆ ಮೇಲಿನ ಕೊಠಡಿಯವರು ಕಟ್ಟುವ ಹೆಚ್ಚುವರಿ ಹಣ ಕೆಳಗಿನ ವಾರ್ಡನ್ನು ಸ್ವಲ್ಪಮಟ್ಟಿಗಾದರೂ ನಡೆಸುತ್ತದೆ. ಆದರೆ ಎಷ್ಟು ನಡೆಸುತ್ತದೆ ಎಂಬ ಲೆಕ್ಕ ರೋಗಿಯ ಕಣ್ಣಿಗೆ ಬೀಳುವುದಿಲ್ಲ, ಮತ್ತು ಕಾಣದ ಲೆಕ್ಕವನ್ನು ಯಾರೂ ನಂಬುವುದಿಲ್ಲ.

ಇದಕ್ಕೆ ಇಲ್ಲಿನ ಚರಿತ್ರೆಯೂ ಸೇರಿಕೊಳ್ಳುತ್ತದೆ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ಹುಟ್ಟಿದ್ದು 1880ರಲ್ಲಿ ಬಡವರ ಹೋಮಿಯೋಪಥಿ ಔಷಧಾಲಯವಾಗಿ. ಉಡುಪಿಯ ಮಿಷನ್ ಆಸ್ಪತ್ರೆಯನ್ನು 1923ರಲ್ಲಿ ಆರಂಭಿಸಿದವರು ಸ್ವಿಟ್ಜರ್ಲೆಂಡಿನ ವೈದ್ಯೆ ಇವಾ ಲೊಂಬಾರ್ಡ್. ಆಸ್ಪತ್ರೆ ಎಂದರೆ ಸೇವೆ ಎಂಬ ನಂಬಿಕೆ ಇಲ್ಲಿ ಮೂರು ತಲೆಮಾರಿಗಿಂತ ಹಳೆಯದು. ಹಾಗೆ ನಂಬಿದವರ ಕೈಗೆ ನೂರಾರು ಸಾಲುಗಳ ಕಂಪ್ಯೂಟರ್ ಬಿಲ್ ಬಂದಾಗ ಆಗುವ ನೋವು ಹಣದ್ದು ಮಾತ್ರ ಅಲ್ಲ.

ವಿಮೆ ಇದ್ದರೂ ಕೈಯಿಂದ ಕಟ್ಟುವುದೇಕೆ?

ಡಿಸ್ಚಾರ್ಜ್ ದಿನ ಬೆಳಗಿನ ರೌಂಡ್ಸ್‌ನಲ್ಲಿ ವೈದ್ಯರು ‘ಇವತ್ತು ಮನೆಗೆ ಹೋಗಬಹುದು’ ಎನ್ನುತ್ತಾರೆ. ಮನೆಯವರು ಬಟ್ಟೆ, ಫ್ಲಾಸ್ಕ್, ಎಕ್ಸ್‌ರೇ ಕವರ್ ಎಲ್ಲವನ್ನೂ ಚೀಲಕ್ಕೆ ತುಂಬುತ್ತಾರೆ. ಅಲ್ಲಿಂದ ಮುಂದೆ ಡಿಸ್ಚಾರ್ಜ್ ಸಮರಿ ತಯಾರಾಗಬೇಕು, ಉಳಿದ ಔಷಧ ಫಾರ್ಮಸಿಗೆ ವಾಪಸಾಗಬೇಕು, ಎಲ್ಲ ವಿಭಾಗಗಳಿಂದ ಲೆಕ್ಕ ಬಂದು ಬಿಲ್ ಮುಗಿಯಬೇಕು, ಅದು ಟಿಪಿಎ, ಅಂದರೆ ವಿಮಾ ಕಂಪನಿಯ ಪರವಾಗಿ ಕ್ಲೇಮುಗಳನ್ನು ನೋಡಿಕೊಳ್ಳುವ ಸಂಸ್ಥೆಯ ಮೂಲಕ ವಿಮಾ ಕಂಪನಿಗೆ ಹೋಗಿ ಅಂತಿಮ ಅನುಮೋದನೆ ಬರಬೇಕು. ಸಂಜೆಯವರೆಗೆ ಕಾದು ಕುಳಿತವರಿಗೆ ಕೊನೆಗೆ ತಿಳಿಯುವುದು ತಾವು ಕಟ್ಟಬೇಕಾದ ಮೊತ್ತ ಮಾತ್ರ; ಅದು ಹೇಗೆ ಬಂತು ಎಂಬುದಲ್ಲ.

ವಿವರಣೆಗಾಗಿ ಒಂದು ಲೆಕ್ಕ ಹಾಕಿ ನೋಡೋಣ. ಪಾಲಿಸಿಯ ಮೊತ್ತ ₹3 ಲಕ್ಷ, ಕೊಠಡಿ ಬಾಡಿಗೆಯ ಮಿತಿ ಅದರ ಶೇ 1, ಅಂದರೆ ದಿನಕ್ಕೆ ₹3,000. ಕುಟುಂಬ ಆರಿಸಿಕೊಂಡ ಕೊಠಡಿಯ ಬಾಡಿಗೆ ₹4,500. ಐದು ದಿನಗಳ ಒಟ್ಟು ಬಿಲ್ ₹2,00,000. ಅದರಲ್ಲಿ ಕೊಠಡಿಗೆ ₹22,500, ವೈದ್ಯರು, ಶಸ್ತ್ರಚಿಕಿತ್ಸೆ, ಥಿಯೇಟರ್ ಮತ್ತು ನರ್ಸಿಂಗ್ ಶುಲ್ಕಕ್ಕೆ ₹1,05,000, ಔಷಧ, ಇಂಪ್ಲಾಂಟ್ ಮತ್ತು ತಪಾಸಣೆಗಳಿಗೆ ₹62,500, ವಿಮೆ ಭರಿಸದ ಸಣ್ಣಪುಟ್ಟ ವಸ್ತುಗಳಿಗೆ ₹10,000 ಎಂದಿಟ್ಟುಕೊಳ್ಳಿ.

ಕೊಠಡಿಯ ಮಿತಿ ಮೀರಿದ ಕಾರಣ ವಿಮಾ ಕಂಪನಿ ಬಾಡಿಗೆಯಲ್ಲಿ ಮಾತ್ರವಲ್ಲ, ಅದಕ್ಕೆ ಹೊಂದಿಕೊಂಡ ಶುಲ್ಕಗಳಲ್ಲೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತದೆ. ₹4,500ಕ್ಕೆ ₹3,000 ಎಂದರೆ ಮೂರರಲ್ಲಿ ಎರಡು ಪಾಲು. ಆದ್ದರಿಂದ ಕೊಠಡಿಗೆ ₹15,000, ವೈದ್ಯರು ಮತ್ತು ಥಿಯೇಟರ್ ಶುಲ್ಕಕ್ಕೆ ₹70,000 ಮಾತ್ರ ಮಂಜೂರಾಗುತ್ತದೆ. ಔಷಧ, ಇಂಪ್ಲಾಂಟ್, ತಪಾಸಣೆಗಳಿಗೆ ಈ ಪ್ರಮಾಣದ ಕಡಿತ ಅನ್ವಯಿಸುವಂತಿಲ್ಲ, ಹಾಗಾಗಿ ಆ ₹62,500 ಪೂರ್ತಿ ಸಿಗುತ್ತದೆ. ಒಟ್ಟು ಮಂಜೂರಾದದ್ದು ₹1,47,500. ಕುಟುಂಬ ಕಟ್ಟಬೇಕಾದದ್ದು ₹52,500. ಕೊಠಡಿಗಾಗಿ ಐದು ದಿನಕ್ಕೆ ₹7,500 ಹೆಚ್ಚು ಕೊಟ್ಟರಾಯಿತು ಎಂದುಕೊಂಡಿದ್ದವರಿಗೆ, ಆ ಒಂದು ಆಯ್ಕೆಯಿಂದಲೇ ಇನ್ನೂ ₹35,000 ಕೈಬಿಟ್ಟಿದೆ.

ಕೊಠಡಿಯ ದರ್ಜೆಗೆ ತಕ್ಕಂತೆ ಶುಲ್ಕ ಬದಲಿಸದ ಆಸ್ಪತ್ರೆಯಲ್ಲಿ ಈ ಪ್ರಮಾಣದ ಕಡಿತ ಮಾಡಕೂಡದು ಎಂಬ ನಿಯಮವನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲೇ ತಂದಿದೆ. ಆದರೆ ದಾಖಲಾಗುವ ಹೊತ್ತಿನಲ್ಲಿ, ರೋಗಿಯ ನೋವಿನ ನಡುವೆ, ‘ನಿಮ್ಮಲ್ಲಿ ಕೊಠಡಿಗೆ ತಕ್ಕಂತೆ ಸರ್ಜನ್ ಶುಲ್ಕ ಬದಲಾಗುತ್ತದೆಯೇ’ ಎಂದು ಕೇಳುವ ಕುಟುಂಬ ಅಪರೂಪ. ಕೇಳಬೇಕು ಎಂದು ಪಾಲಿಸಿ ಮಾರಿದ ಏಜೆಂಟ್ ಹೇಳಿರುವುದು ಇನ್ನೂ ಅಪರೂಪ.

ಈ ಕಾದಾಟದಲ್ಲಿ ಕಣ್ಣೆದುರು ಇರುವುದು ಆಸ್ಪತ್ರೆಯ ಸಿಬ್ಬಂದಿ. ಕಡಿತ ಮಾಡಿದವರು ಬೇರೆಲ್ಲೋ ಕಚೇರಿಯಲ್ಲಿದ್ದಾರೆ. ಸಿಟ್ಟು ಹತ್ತಿರ ಇರುವವರ ಮೇಲೆಯೇ ಬೀಳುತ್ತದೆ. ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರಿಂದಲೇ ಪ್ರತ್ಯೇಕ ಕಾಯ್ದೆಯಿದೆ, ಆದರೆ ಕೌಂಟರಿನ ಯುವತಿ ಪ್ರತಿದಿನ ಕೇಳುವ ಬೈಗುಳ ಯಾವ ಕಾಯ್ದೆಯ ಲೆಕ್ಕಕ್ಕೂ ಬರುವುದಿಲ್ಲ.

ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಜೇಬಿನಿಂದ ಕೊಡುವ ಪಾಲು 2014–15ರಲ್ಲಿ ಶೇ 62.6 ಇದ್ದದ್ದು 2021–22ರ ಹೊತ್ತಿಗೆ ಶೇ 39.4ಕ್ಕೆ ಇಳಿದಿದೆ ಎಂದು ಸರ್ಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಅಸಮಾಧಾನ ಮಾತ್ರ ಅದೇ ಪ್ರಮಾಣದಲ್ಲಿ ಇಳಿದಂತೆ ಕಾಣುವುದಿಲ್ಲ. ಇದರಲ್ಲಿ ವಿರೋಧಾಭಾಸವಿಲ್ಲ. ವಿಮೆಯೇ ಇಲ್ಲದವರಿಗೆ ಬಿಲ್ ಎಂಬುದು ಹೊರೆ; ವರ್ಷವರ್ಷ ಕಂತು ಕಟ್ಟಿದವರಿಗೆ ಕಡಿತ ಎಂಬುದು ಮಾತಿಗೆ ತಪ್ಪಿದಂತೆ.

ಕಾರ್ಡ್ ಇರುವವರ ಜಗಳ ಬೇರೆ

2018ರಲ್ಲಿ ರೂಪುಗೊಂಡ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಭರಿಸುವುದು ಪ್ಯಾಕೇಜ್ ದರದ, ಅಂದರೆ ಒಂದು ಚಿಕಿತ್ಸೆಗೆ ಯೋಜನೆ ಗೊತ್ತುಪಡಿಸಿದ ಒಟ್ಟು ದರದ, ಶೇ 30ರಷ್ಟನ್ನು ಮಾತ್ರ, ಅದೂ ವರ್ಷಕ್ಕೆ ₹1.5 ಲಕ್ಷದ ಮಿತಿಯೊಳಗೆ. ಕಾರ್ಡ್ ನೋಡಲು ಒಂದೇ ಬಗೆಯದಾದ್ದರಿಂದ ‘ಐದು ಲಕ್ಷ ಉಚಿತ’ ಎಂದುಕೊಂಡು ಬಂದ ಎಪಿಎಲ್ ಕುಟುಂಬಕ್ಕೆ ಆಸ್ಪತ್ರೆಯೇ ಮೋಸ ಮಾಡಿತು ಎನಿಸುವುದುಂಟು.

ಬಿಪಿಎಲ್ ಕುಟುಂಬಕ್ಕೆ ಎದುರಾಗುವ ತೊಡಕು ರೆಫರಲ್ ಪತ್ರದ್ದು. ತುರ್ತು ಸಂದರ್ಭವಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ದಕ್ಷಿಣ ಕನ್ನಡದವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಲಭ್ಯವಿಲ್ಲ ಎಂದಾದರೆ ಮಾತ್ರ ಖಾಸಗಿ ಆಸ್ಪತ್ರೆಗೆ ಪತ್ರ ಸಿಗುತ್ತದೆ. ಬೈಂದೂರಿನಿಂದಲೋ ಸುಳ್ಯದಿಂದಲೋ ರೋಗಿಯನ್ನು ಕರೆತಂದವರು ಮೊದಲು ಖಾಸಗಿ ಆಸ್ಪತ್ರೆಗೇ ದಾಖಲಿಸಿ, ಆಮೇಲೆ ಪತ್ರಕ್ಕಾಗಿ ಓಡಾಡುತ್ತಾರೆ. ಪತ್ರ ಸಿಗದಿದ್ದರೆ ಪೂರ್ತಿ ಬಿಲ್ ಅವರ ತಲೆಯ ಮೇಲೆ.

ಇವರು ಬಯಸುವ ಸುಧಾರಣೆ ಒಂದೇ: ರೆಫರಲ್ ತೆಗೆಯಿರಿ. ಸರ್ಕಾರದ ವಾದಕ್ಕೂ ತೂಕವಿದೆ. ರೆಫರಲ್ ತೆಗೆದರೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬಹುದಾದ ಚಿಕಿತ್ಸೆಯ ಹಣವೂ ಖಾಸಗಿಗೆ ಹರಿಯುತ್ತದೆ, ವೆನ್ಲಾಕ್‌ನಂಥ ಆಸ್ಪತ್ರೆಗೆ ಇದೇ ಯೋಜನೆಯಿಂದ ಬರುವ ಆದಾಯ ಕುಗ್ಗುತ್ತದೆ. ಖಾಸಗಿ ಆಸ್ಪತ್ರೆಗಳದ್ದು ಇನ್ನೊಂದು ವಾದ: ಪ್ಯಾಕೇಜ್ ದರ ಸಾಲದು, ಬಾಕಿ ಹಣ ಸಕಾಲಕ್ಕೆ ಬರುವುದಿಲ್ಲ. ಬಾಕಿ ತಡವಾದಾಗ ಕೆಲವೆಡೆ ‘ಇದು ಪ್ಯಾಕೇಜಿನಲ್ಲಿ ಬರುವುದಿಲ್ಲ’ ಎಂದು ಹೊರಗಿನಿಂದ ವಸ್ತು ತರಿಸುವ ದೂರು ಕೇಳಿಬರುತ್ತದೆ. ಸರ್ಕಾರ ಮತ್ತು ಆಸ್ಪತ್ರೆಯ ನಡುವೆ ಮುಗಿಯಬೇಕಾದ ಲೆಕ್ಕ ಹೀಗೆ ರೋಗಿಯ ಹಾಸಿಗೆಯ ಬಳಿಗೆ ಬಂದು ನಿಲ್ಲುತ್ತದೆ.

2017ರ ತಿದ್ದುಪಡಿ ಉಳಿಸಿದ್ದು, ಬಿಟ್ಟದ್ದು

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಕಾಯ್ದೆ, 2007ರದ್ದು. 2017ರಲ್ಲಿ ಆರೋಗ್ಯ ಸಚಿವರಾಗಿದ್ದ ಕೆ.ಆರ್. ರಮೇಶ್ ಕುಮಾರ್ ತಂದ ತಿದ್ದುಪಡಿ ಮಸೂದೆಯಲ್ಲಿ ಖಾಸಗಿ ಚಿಕಿತ್ಸೆಯ ದರವನ್ನು ಸರ್ಕಾರವೇ ನಿಗದಿಪಡಿಸುವ ಹಾಗೂ ಉಲ್ಲಂಘಿಸಿದವರಿಗೆ ಜೈಲು ಶಿಕ್ಷೆ ವಿಧಿಸುವ ಪ್ರಸ್ತಾಪವಿತ್ತು. ನವೆಂಬರಿನಲ್ಲಿ ಖಾಸಗಿ ವೈದ್ಯರು ರಾಜ್ಯದಾದ್ಯಂತ ಮುಷ್ಕರ ಹೂಡಿದರು. ಕೊನೆಗೆ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾದ ರೂಪದಲ್ಲಿ ದರ ನಿಗದಿ ಸರ್ಕಾರಿ ಯೋಜನೆಗಳ ರೋಗಿಗಳಿಗೆ ಸೀಮಿತವಾಯಿತು, ದರದ ವಿಷಯದಲ್ಲಿ ಜೈಲು ಶಿಕ್ಷೆಯ ಮಾತು ಬಿಟ್ಟುಹೋಯಿತು. ಬಾಕಿ ಹಣಕ್ಕಾಗಿ ಶವವನ್ನು ತಡೆಹಿಡಿಯುವಂತಿಲ್ಲ ಎಂಬ ನಿಯಮ, ರೋಗಿಗಳ ಹಕ್ಕುಪತ್ರ, ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರ ಉಳಿದುಕೊಂಡವು.

ಆ ಮುಷ್ಕರದಿಂದ ಎರಡೂ ಕಡೆಯವರು ತಪ್ಪು ಪಾಠ ಕಲಿತರು ಎಂಬುದು ಈ ಲೇಖಕನ ಅಭಿಪ್ರಾಯ. ವೈದ್ಯರಿಗೆ ‘ಸುಧಾರಣೆ’ ಎಂಬ ಪದವೇ ಬೆದರಿಕೆಯಂತೆ ಕೇಳಿಸತೊಡಗಿತು. ಜನರಿಗೆ ವೈದ್ಯರು ಒಟ್ಟಾದರೆ ಸರ್ಕಾರವೂ ಮಣಿಯುತ್ತದೆ ಎನಿಸಿತು. ಉಳಿದುಕೊಂಡ ಜಿಲ್ಲಾ ಪ್ರಾಧಿಕಾರವನ್ನು ಬಲಪಡಿಸುವ ಮಾತು ಆ ಗದ್ದಲದಲ್ಲಿ ಹಿಂದೆ ಬಿತ್ತು.

ಒಂದೆಡೆ ಅದುಮಿದರೆ ಇನ್ನೊಂದೆಡೆ ಉಬ್ಬುವುದು

ಬಿಲ್ಲಿನ ಒಂದು ಸಾಲನ್ನು ಮಾತ್ರ ಹಿಡಿದು ದರ ಇಳಿಸಿದ ಉದಾಹರಣೆಗಳು ನಮ್ಮಲ್ಲಿವೆ. 2017ರ ಫೆಬ್ರುವರಿಯಲ್ಲಿ ಔಷಧ ಲೇಪಿತ ಹೃದಯದ ಸ್ಟೆಂಟ್‌ಗೆ ₹29,600ರ ಮಿತಿ ಬಂತು. ಆಗಸ್ಟಿನಲ್ಲಿ ಮೊಣಕಾಲು ಇಂಪ್ಲಾಂಟ್‌ಗಳ ಸರದಿ. ಇವು ನಿಜವಾದ ನೆರವುಗಳೇ. ಆದರೆ ಸ್ಟೆಂಟಿನ ಬೆಲೆ ಇಳಿದಷ್ಟು ಪ್ರಮಾಣದಲ್ಲಿ ಆಂಜಿಯೋಪ್ಲಾಸ್ಟಿಯ ಒಟ್ಟು ಬಿಲ್ ಇಳಿಯಲಿಲ್ಲ ಎಂಬ ದೂರು ಬೇಗನೆ ಎದ್ದಿತು, ಏಕೆಂದರೆ ಬಲೂನ್, ಕ್ಯಾತಿಟರ್, ಪ್ರಕ್ರಿಯೆಯ ಶುಲ್ಕಗಳಿಗೆ ಅಂಥ ಮಿತಿ ಇರಲಿಲ್ಲ. ದೆಹಲಿ ಸುತ್ತಮುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್‌ಗಳನ್ನು ಪರಿಶೀಲಿಸಿದ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ, 2018ರಲ್ಲಿ, ಕೆಲವು ವಸ್ತುಗಳ ಮೇಲೆ ಶೇ 1,737ರವರೆಗೂ ಲಾಭಾಂಶವಿದ್ದುದನ್ನು ಬಹಿರಂಗಪಡಿಸಿತು. ಹೆಚ್ಚಿನ ಲಾಭ ಅಡಗಿದ್ದದ್ದು ಬೆಲೆ ಮಿತಿಯೊಳಗಿನ ಔಷಧಗಳಲ್ಲಲ್ಲ. ಮಿತಿಯಿಲ್ಲದ ಔಷಧ, ಸಿರಿಂಜು, ಗ್ಲೌಸ್‌ಗಳಂಥ ಬಳಸಿ ಬಿಸಾಡುವ ವಸ್ತುಗಳಲ್ಲಿ.

ಸರ್ಕಾರ ದರ ನಿಗದಿ ಮಾಡಲಾರದು ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. ಕೋವಿಡ್ ಕಾಲದಲ್ಲಿ, 2020ರ ಜೂನ್‌ನಲ್ಲಿ, ಕರ್ನಾಟಕ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ದರಪಟ್ಟಿ ಹೊರಡಿಸಿತು. 2024ರ ಜುಲೈಯಲ್ಲಿ ಡೆಂಗಿ ಪತ್ತೆಯ ಎನ್‌ಎಸ್‌1 ಮತ್ತು ಐಜಿಎಂ ಎಲಿಸಾ ಪರೀಕ್ಷೆಗಳಿಗೆ ತಲಾ ₹300ರ ಮಿತಿ ಹಾಕಿತು. ಡೆಂಗಿ ಪರೀಕ್ಷೆಯ ಮಿತಿಯನ್ನು ರೋಗಿಯೇ ಪರಿಶೀಲಿಸಬಹುದಿತ್ತು, ಏಕೆಂದರೆ ವಸ್ತು ಒಂದು, ಬೆಲೆ ಒಂದು. ನೂರು ಸಾಲಿನ ಶಸ್ತ್ರಚಿಕಿತ್ಸೆಯ ಬಿಲ್‌ಗೆ ಆ ಸರಳತೆ ಇಲ್ಲ.

ಏಕರೂಪ ದರ ಬಂದರೆ ಮಣಿಪಾಲಕ್ಕೇನು, ಕಾರ್ಕಳಕ್ಕೇನು?

2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಕೇಂದ್ರದ 2010ರ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ದರದ ವ್ಯಾಪ್ತಿ ನಿಗದಿಯಾಗದಿರುವುದಕ್ಕೆ ಅಸಮಾಧಾನ ವ್ಯಕ್ತಪಡಿಸಿ, ಮಧ್ಯಂತರವಾಗಿ ಸಿಜಿಎಚ್‌ಎಸ್ ದರಗಳನ್ನು ಜಾರಿಗೊಳಿಸುವುದನ್ನು ಪರಿಗಣಿಸಬೇಕಾದೀತು ಎಂದು ಎಚ್ಚರಿಸಿತು. ಕರ್ನಾಟಕಕ್ಕೆ ತನ್ನದೇ ಕೆಪಿಎಂಇ ಕಾಯ್ದೆ ಇರುವುದರಿಂದ ಆ ಕೇಂದ್ರ ಕಾಯ್ದೆ ಇಲ್ಲಿ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಒಮ್ಮೆ ದೇಶಕ್ಕೊಂದು ಅಳತೆ ಬಂದರೆ ರಾಜ್ಯಗಳು ಅದನ್ನು ಕಡೆಗಣಿಸುವುದು ಕಷ್ಟ.

ಸಿಜಿಎಚ್‌ಎಸ್‌ನ ಹೊಸ ಪಟ್ಟಿಯಲ್ಲಿ ಮೊದಲ ದರ್ಜೆಯ ಮಹಾನಗರಗಳಿಗಿಂತ ಎರಡನೇ ದರ್ಜೆಯ ನಗರಗಳಿಗೆ ಕಡಿಮೆ ದರ, ಮೂರನೇ ದರ್ಜೆಯ ಊರುಗಳಿಗೆ ಶೇ 20 ಕಡಿಮೆ ದರ. ಮಂಗಳೂರು ಎರಡನೇ ದರ್ಜೆಯಲ್ಲಿದೆ, ಉಡುಪಿ–ಮಣಿಪಾಲ ಮೂರನೆಯದರಲ್ಲಿ. ಉತ್ತರ ಕನ್ನಡ, ಶಿವಮೊಗ್ಗದಿಂದಲೂ ಕ್ಲಿಷ್ಟ ಪ್ರಕರಣಗಳು ಬರುವ ಮಣಿಪಾಲಕ್ಕೆ, ಊರಿನ ಜನಸಂಖ್ಯೆ ಸಣ್ಣದೆಂಬ ಕಾರಣಕ್ಕೆ ಕಡಿಮೆ ದರ್ಜೆಯ ದರ ಬಂದಂತಾಗುತ್ತದೆ. ದೊಡ್ಡ ಆಸ್ಪತ್ರೆ ಅದನ್ನು ಹೇಗೋ ಸರಿದೂಗಿಸಿಕೊಳ್ಳಬಹುದು. ಕಾರ್ಕಳ, ಕುಂದಾಪುರ, ಬಂಟ್ವಾಳದ ಇಪ್ಪತ್ತು–ಮೂವತ್ತು ಹಾಸಿಗೆಯ ನರ್ಸಿಂಗ್ ಹೋಂಗಳಿಗೆ ಆ ಶಕ್ತಿಯಿಲ್ಲ. ಅವು ಮುಚ್ಚಿದರೆ ಸಣ್ಣ ಹೆರಿಗೆ, ಹರ್ನಿಯಾಕ್ಕೂ ಜನ ನಗರಕ್ಕೇ ಬರಬೇಕು. ಇನ್ನು ಕೊಠಡಿಯ ದರ್ಜೆಯ ವ್ಯತ್ಯಾಸ ಪೂರ್ತಿ ಹೋದರೆ, ಬೋಧನಾ ಆಸ್ಪತ್ರೆಗಳ ಜನರಲ್ ವಾರ್ಡಿನ ರಿಯಾಯಿತಿಗೆ ಹಣ ಎಲ್ಲಿಂದ ಎಂಬ ಪ್ರಶ್ನೆ ಏಳುತ್ತದೆ. ದರ ನಿಗದಿ ಬೇಡ ಎನ್ನಲು ಇವು ಕಾರಣಗಳಲ್ಲ. ವೆಚ್ಚದ ಲೆಕ್ಕವನ್ನು ಮೊದಲು ಬಹಿರಂಗಪಡಿಸದೆ ದರ ಕಟ್ಟಿದರೆ ಪೆಟ್ಟು ತಗಲುವುದು ಆಸರೆ ಬೇಕಾದವರಿಗೇ.

ನಡುವಿನಿಂದ ರೋಗಿಯನ್ನು ಸರಿಸುವುದು

ಅಮೆರಿಕದಲ್ಲಿ 2022ರ ಜನವರಿ 1ರಿಂದ ಜಾರಿಗೆ ಬಂದ ಕಾನೂನೊಂದು, ತುರ್ತು ಚಿಕಿತ್ಸೆಗೆ ವಿಮೆಯ ಜಾಲದ ಹೊರಗಿನ ಆಸ್ಪತ್ರೆ ಸೇರಿದವರಿಗೆ ಅನಿರೀಕ್ಷಿತ ಬಿಲ್ ಕಳಿಸುವುದನ್ನು ನಿಷೇಧಿಸಿತು; ಆಸ್ಪತ್ರೆ ಮತ್ತು ವಿಮಾ ಕಂಪನಿ ತಮ್ಮ ಜಗಳವನ್ನು ಮಧ್ಯಸ್ಥರ ಮುಂದೆ ಬಗೆಹರಿಸಿಕೊಳ್ಳಬೇಕು. ರೋಗಿಗಳಿಗೆ ನೆಮ್ಮದಿ ಸಿಕ್ಕಿತು. ಆದರೆ ಮಧ್ಯಸ್ಥಿಕೆಯ ಅರ್ಜಿಗಳು ನಿರೀಕ್ಷೆ ಮೀರಿ ರಾಶಿ ಬಿದ್ದವು, ತೀರ್ಪುಗಳಲ್ಲಿ ಬಹುಪಾಲು ವೈದ್ಯರು ಮತ್ತು ಆಸ್ಪತ್ರೆಗಳ ಪರವಾದವು. ಆ ಹಣ ಕೊನೆಗೆ ಕಂತಿನೊಳಗೇ ಸೇರಬೇಕು.

ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯ ಹಿಂದೆಯೂ ಇದೇ ವಿಚಾರವಿದೆ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಹೊತ್ತಿನ ಅಂತಿಮ ಅನುಮೋದನೆಗೆ ಮೂರು ಗಂಟೆಯೊಳಗೆ ಉತ್ತರಿಸಬೇಕು; ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ವಿಮಾ ಕಂಪನಿಯೇ ಷೇರುದಾರರ ನಿಧಿಯಿಂದ ಭರಿಸಬೇಕು. ತಡಮಾಡಿದವರೇ ತೆರಬೇಕು ಎಂಬ ಈ ತತ್ವ ಸರ್ಕಾರಿ ಯೋಜನೆಗಳ ಬಾಕಿಗೂ ಕಟ್ಟುನಿಟ್ಟಾಗಿ ಅನ್ವಯವಾಗಬೇಕು.

ವಿಮಾ ಕಂಪನಿಯ ವಿರುದ್ಧ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಬಳಿ ಶುಲ್ಕವಿಲ್ಲದೆ ದೂರು ಕೊಡಬಹುದು, ₹50 ಲಕ್ಷದವರೆಗೆ ಪರಿಹಾರದ ಆದೇಶ ಪಡೆಯಬಹುದು. ಆಸ್ಪತ್ರೆಯ ವಿರುದ್ಧ ಗ್ರಾಹಕ ಆಯೋಗಕ್ಕೆ ಹೋಗಬಹುದೆಂಬುದು 1995ರ ಸುಪ್ರೀಂ ಕೋರ್ಟ್ ತೀರ್ಪಿನಿಂದಲೇ ಇತ್ಯರ್ಥವಾಗಿದೆ. ಆದರೆ ಇವೆರಡೂ ಬಿಲ್ ಕಟ್ಟಿ ಮನೆಗೆ ಹೋದ ಮೇಲಿನ ದಾರಿಗಳು. ಡಿಸ್ಚಾರ್ಜ್ ಹೊತ್ತಿನ ಜಗಳಕ್ಕೆ ಹತ್ತಿರದಲ್ಲಿರುವುದು ಜಿಲ್ಲಾಧಿಕಾರಿಯ ಪ್ರಾಧಿಕಾರ. ಸ್ವಂತ ಹಣದಿಂದ ಚಿಕಿತ್ಸೆ ಪಡೆದವರ ವಿಷಯದಲ್ಲಿ ಆ ಪ್ರಾಧಿಕಾರ ಕೇಳಬಹುದಾದ ಮೂಲ ಪ್ರಶ್ನೆ, ಆಸ್ಪತ್ರೆ ತಾನೇ ಪ್ರದರ್ಶಿಸಿದ ದರಪಟ್ಟಿಗಿಂತ ಹೆಚ್ಚು ಪಡೆದಿದೆಯೇ ಎಂಬುದು. ಕೊಠಡಿ ಬಾಡಿಗೆ, ಕನ್ಸಲ್ಟೇಷನ್, ಸ್ಕ್ಯಾನಿಂಗ್ ದರಗಳಷ್ಟೇ ಆ ಪಟ್ಟಿಯಲ್ಲಿದ್ದು, ಕೊಠಡಿಯ ದರ್ಜೆಗೆ ತಕ್ಕಂತೆ ಬದಲಾಗುವ ಸರ್ಜನ್ ಶುಲ್ಕವಾಗಲಿ ಬಳಸಿ ಬಿಸಾಡುವ ವಸ್ತುಗಳ ದರವಾಗಲಿ ಅಲ್ಲಿ ಇಲ್ಲದಿದ್ದರೆ, ದೂರು ಎಷ್ಟೇ ನ್ಯಾಯವಾಗಿದ್ದರೂ ಅದನ್ನು ಅಳೆಯಲು ಪ್ರಾಧಿಕಾರದ ಮೇಜಿನ ಮೇಲೆ ಏನೂ ಇರುವುದಿಲ್ಲ.